ದಫೇದಾರರಿಗೆ ಕೊಟ್ಟ ಬೀಸಣಿಕೆ

ಕಾಗದದ ಬುಟ್ಟಿ ಮಾಡುವುದರಲ್ಲಿ ಮಸ್ಕಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹಳೆ ಕಾಗದವನ್ನು ಮೆಂತ್ಯದ ಜೊತೆ ನೆನೆಹಾಕಿ, ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಕೊಡಕ್ಕೆ ಮೆತ್ತಿ ಒಣಗಿಸಿದರೆ ಜೋಳದ ಹಿಟ್ಟಿಗೆ ಗಟ್ಟಿ ಬುಟ್ಟಿ. ಈ ವಿದ್ಯೆಯಿಂದ ಸರ್ಕಾರವನ್ನೇ ಸೋಲಿಸಬಹುದು ಅಂತ ನಂಬಿದ್ದೆ.

ಟಾಡಾ ಕಾಯ್ದೆಯ ಕಾಲ. ನನ್ನ ತಮ್ಮ ಅಮರೇಶ ಗೊರೇಬಾಳದ ಭತ್ತದ ಗದ್ದೆಗಳಲ್ಲಿ ಕೂಲಿಯವರನ್ನು ಕೂಡಿಸಿ ಭಾಷಣ ಮಾಡುತ್ತಿದ್ದ. ಯಾರ ಮೇಲೂ ಕೈ ಎತ್ತಿದವನಲ್ಲ. ಆದರೆ ಸರ್ಕಾರ ಬೇಡವೆಂದ ಪುಸ್ತಕವೊಂದನ್ನು ನಮ್ಮ ಅಟ್ಟದ ಮೇಲೆ ಇಟ್ಟಿದ್ದ. ಗೊಬ್ಬರದಂಗಡಿಯ ನನ್ನ ಗಂಡ ರೈತರಿಗೆ ಹಂಚಲು ತಂದ ಪುಸ್ತಕಗಳೂ ಅಲ್ಲೇ ಇದ್ದವು.

ಒಂದು ಮಧ್ಯಾಹ್ನ ಅಮರೇಶ ಏದುಸಿರು ಬಿಡುತ್ತ ಬಂದ.

"ಅಕ್ಕಾ, ಪೊಲೀಸರು ಬರಾಕತ್ತ್ಯಾರ. ಆ ಪುಸ್ತಕ ಸಿಕ್ಕರ ನನ್ನ ಒಳಗ ಹಾಕ್ತಾರ. ಜಾಮೀನೂ ಸಿಗಂಗಿಲ್ಲ."

"ನೀ ಸಂತೆಕಲ್ಲೂರಿಗೆ ನಡಿಯಲೇ. ನಾ ನೋಡ್ಕೋತೀನಿ."

ಯಾವ ಪುಸ್ತಕ ಅಂತ ಕೇಳಲಿಲ್ಲ. ನನಗೆ ಬರುವುದು ಸಹಿ ಮಾತ್ರ. ಆದರೆ ಕೆಂಪು ಬಣ್ಣ ಯಾರದು ಅಂತ ಊರಿಗೇ ಗೊತ್ತು. ಕೆಂಪು ಹೊದಿಕೆಯವನ್ನೆಲ್ಲ ಇಳಿಸಿ, ಬಿಸಿನೀರಲ್ಲಿ ನೆನೆಸಿ ರುಬ್ಬಿಬಿಟ್ಟೆ. ಎತ್ತು, ಭತ್ತದ ತೆನೆಯ ಚಿತ್ರವಿದ್ದದ್ದೊಂದು ಉಳಿಯಿತು. ಪಾಪ, ಗಂಡನದು ಅಂತ ಕಿಟಕಿಯಲ್ಲಿಟ್ಟೆ.

ಪೊಲೀಸರು ಬಂದು ಅಟ್ಟ ಹತ್ತಿದರು. ಬೆವರಿನಲ್ಲಿ ತೊಯ್ದ ದಫೇದಾರರು ನನ್ನೆದುರು ಕುಳಿತರು.

"ಏನ್ ಮೆತ್ತಾಕತ್ತೀಬೇ?"

"ಬುಟ್ಟಿರೀ."

"ಕೆಂಪಗ ಅದಲ್ಲ?"

"ಕುಂಕುಮ ಹಾಕೀನ್ರಿ. ಲಕ್ಷಣ."

"ಕರೆಂಟಿಲ್ಲ, ಜೀವ ಹೊಂಟದ. ಬೀಸ್ಕೊಳ್ಳಾಕ ಏನರ ಕೊಡಬೇ."

ಎತ್ತಿನ ಚಿತ್ರದ ಪುಸ್ತಕ ಕೊಟ್ಟೆ. ಅವರು ಬೀಸಿಕೊಂಡರು, ಚಹಾ ಕುಡಿದರು, ಬೀಸಿಕೊಳ್ಳುತ್ತಲೇ ಹೋಗಿ ಲಿಂಗಸುಗೂರಿನ ಬಸ್ಸು ಹತ್ತಿದರು. ನಾನು ಗೆದ್ದೆ.

ಸಂಜೆ ಗಂಡ ಬಂದ.

"ಭತ್ತದ ಹುಳದ ಔಷಧದ ಪುಸ್ತಕ ಇದ್ವಲ್ಲ, ಕೆಂಪನ್ನವು. ಎಲ್ಲಿ?"

ನಾನು ಬುಟ್ಟಿ ಮೆತ್ತಿದ್ದ ಕೊಡದ ಕಡೆ ಕೈ ತೋರಿಸಿದೆ. ಅವನು ಕೆಂಪು ಮೆತ್ತಿಗೆಯನ್ನು ಉಗುರಿನಿಂದ ಕೆರೆದು ನೋಡಿದ.

"ಎತ್ತಿಂದು?"

"ದಫೇದಾರ್ರು ಬೀಸ್ಕೋತ ಹೋದ್ರು."

ಅವನು ನೆಲಕ್ಕೆ ಕುಳಿತ. "ಅದೇ ಬೇ ನಿನ್ನ ತಮ್ಮಂದು."

ಸಂತೆಯ ದಿನದವರೆಗೆ ಬಸ್ಸಿನ ಸದ್ದಾದಾಗಲೆಲ್ಲ ಹೊರಗೆ ಬಂದು ನೋಡಿದೆ. ತಮ್ಮನನ್ನು ಸಾಕಿದವಳೂ ನಾನೇ, ಹಿಡಿದುಕೊಟ್ಟವಳೂ ನಾನೇ. ಸಂತೆಯ ದಿನ ದಫೇದಾರರು ಒಬ್ಬರೇ ಬಾಗಿಲಿಗೆ ಬಂದರು.

ಅವರು ಚೀಲದಿಂದ ಅದೇ ಪುಸ್ತಕ ತೆಗೆದಿಟ್ಟರು. ಅದರ ಪಕ್ಕ ಹೊಸ ತಾಳೆಗರಿಯ ಬೀಸಣಿಕೆ ಇಟ್ಟರು.

"ಅವ್ವಾ, ಇನ್ಮ್ಯಾಲೆ ಬಂದವರಿಗೆ ಇದನ್ನ ಕೊಡ್ರಿ. ನಂದೇನ, ಕಣ್ಣು ಮಂದ. ನಮ್ಮ ಸಾಹೇಬ್ರಿಗೆ ಚಲೋ ಓದಾಕ ಬರ್ತದ."

ಚಹಾಕ್ಕೂ ನಿಲ್ಲದೆ ಹೋದರು. ಅಮರೇಶ ಊರಿಗೆ ಬಂದು ನಾಲ್ಕು ರೊಟ್ಟಿ ಉಂಡ.

ಬುಟ್ಟಿಯಂತೂ ಭಾಳ ಚೆಂದ ಬಂತು. ಹುಳ ಹೇಗೆ ಕೊಲ್ಲಬೇಕು ಅಂತ ಬರೆದ ಅಷ್ಟೂ ಪುಸ್ತಕ ಅದರಲ್ಲಿತ್ತು. ಮಳೆಗಾಲ ಮುಗಿಯುವುದರೊಳಗೆ ಅದಕ್ಕೆ ಹುಳ ಬಿತ್ತು.