ನೆಟ್ಟಗಾದ ಬೆನ್ನನ್ನು ಮತ್ತೆ ಬಗ್ಗಿಸುವ ಆದೇಶದ ಕುರಿತು

ಇಂದ:
ವಿಚಾರಣೆ ಕಿಂಡಿಯ ಗುಮಾಸ್ತ (ಸಹೋದ್ಯೋಗಿಗಳ ಬಾಯಲ್ಲಿ ‘ಕುಡುಗೋಲು’)

ಗೆ:
ಮಾನ್ಯ ಮ್ಯಾನೇಜರ್ ಸಾಹೇಬರು,
ನೀರು ಸರಬರಾಜು ಕಚೇರಿ

ವಿಷಯ: ಕಚೇರಿಯೇ ತಿದ್ದಿಸಿದ ಬೆನ್ನನ್ನು ಕಚೇರಿಯೇ ಕೆಡಿಸಬಾರದೆಂದು ಕೋರಿ.

ಉಲ್ಲೇಖ: ಮೊನ್ನೆ ತಾವು ಎಲ್ಲರೆದುರು ಆಡಿದ ಮಾತು.

ಮಾನ್ಯರೇ,

೧. ಸದರಿ ಅರ್ಜಿದಾರನ ಗೂನು ಕಚೇರಿಯ ಮರ್ಯಾದೆಗೆ ಕುಂದೆಂದು ತಮಗೆ ಅನಿಸಿದ ಕಾರಣ, ತಾವೇ ಅವನನ್ನು ಮೈ ತಿದ್ದುವ ತಜ್ಞರ ಬಳಿ ಕಳುಹಿಸಿದಿರಿ. ತಜ್ಞರು ಅವನನ್ನು ಬೋರಲು ಮಲಗಿಸಿ, ಬೆನ್ನುಮೂಳೆಯ ಎರಡೂ ಪಕ್ಕ ಮೊಣಕೈ ಊರಿ, ಹೆಗಲು ಹಿಂದಕ್ಕೆಳೆದು, ಇವನು ಹುಟ್ಟಿದಾಗಿನಿಂದ ತಪ್ಪಾಗಿ ನಿಂತಿದ್ದಾನೆಂದು ತೀರ್ಪು ಕೊಟ್ಟರು. ಅರ್ಜಿದಾರನಿಗೆ ಪ್ರಾಣ ಬಾಯಿಗೆ ಬಂತು.

೨. ಆದರೂ ಬೆನ್ನು ನೆಟ್ಟಗಾಯಿತು. ಅಂಗಾತ ಮಲಗಿದರೂ ನಿದ್ದೆ ಬರತೊಡಗಿತು. ಮಗಳು ಬಾಗಿಲಲ್ಲೇ ನಿಂತು, “ಅಪ್ಪ, ನೀನು ಇಷ್ಟು ಉದ್ದ ಇದ್ಯಾ?” ಎಂದಳು. ಅರ್ಜಿದಾರನಿಗೆ ಆದ ಸಂತೋಷಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

೩. ಆದರೆ ಅರ್ಜಿದಾರನಿಗೂ ಜನರಿಗೂ ನಡುವಿನ ಹಲಗೆಯ ಕಿಂಡಿ ತಗ್ಗಿನಲ್ಲಿ ಇದ್ದಲ್ಲೇ ಇದೆ. ನೆಟ್ಟಗೆ ಕೂತರೆ ಅವನಿಗೆ ಕಾಣುವುದು ಬರೀ ಹಲಗೆ, ಹೊರಗಿನವರಿಗೆ ಕಾಣುವುದು ಅವನ ಅಂಗಿಯ ಜೇಬು. ಹೀಗಿರಲಾಗಿ ಅಜ್ಜಿಯೊಬ್ಬರು ನಲ್ಲಿಯ ವಿಷಯ ಕೇಳಿ, ಉತ್ತರಕ್ಕೆ ಮುಂಚೆಯೇ ಜೇಬಿಗೊಂದು ನೋಟು ತುರುಕಿದರು. ಲಂಚದ ಗುಲ್ಲೆದ್ದಿತು.

ಆಗ ತಾವು ಹೇಳಿದ್ದು: “ನಾಳೆಯಿಂದ ಮೊದಲಿನ ಹಾಗೆ ಬಗ್ಗಿ ಕೂತ್ಕೊಳ್ಳಿ, ಇಲ್ಲಾಂದ್ರೆ ಅಮಾನತು. ಕಿಂಡಿ ಮುಟ್ಟೋ ಹಾಗಿಲ್ಲ. ಅದನ್ನ ನಾನೇ ನಿಂತು ಮಾಡಿಸಿದ್ದು.”

೪. ತಾವು ನಿಂತಿರಲಿಲ್ಲ ಎಂಬುದು ಇಡೀ ಕಚೇರಿಗೆ ಗೊತ್ತು. ಕೂತರೆ ಕುಸಿಯುವ ತಮ್ಮ ಮೆತ್ತೆ ಕುರ್ಚಿಯನ್ನು ಅಲ್ಲಿಗೇ ತರಿಸಿ ಒರಗಿದ್ದಿರಿ; ಬಡಗಿ ತಮ್ಮ ಮೂಗಿನ ನೇರಕ್ಕೆ ಕಿಂಡಿ ಕೊರೆದ. ಬಳಿಕ ಆ ಕುರ್ಚಿ ತಮ್ಮ ಹಿಂದೆಯೇ ಕೋಣೆ ಸೇರಿತು, ಅರ್ಜಿದಾರನಿಗೆ ಎತ್ತರದ ಮರದ ಕುರ್ಚಿ ಬಂತು. ಗೂನು ಬಂದದ್ದು ಅಲ್ಲಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಕಚೇರಿಗಳಲ್ಲೂ ಇರುತ್ತಾರೆಂದು ಅರ್ಜಿದಾರನು ಬಲ್ಲನು.

ಆದ್ದರಿಂದ, ಸದರಿ ಮೆತ್ತೆ ಕುರ್ಚಿಯನ್ನು ಕಿಂಡಿಗೆ ಕಳುಹಿಸಿ, ಮರದ ಕುರ್ಚಿಯನ್ನು ತಾವು ತರಿಸಿಕೊಳ್ಳಬೇಕಾಗಿ ವಿನಂತಿ. ಅರ್ಜಿದಾರನು ಇನ್ನು ಬಗ್ಗುವುದಿಲ್ಲ. ಅಮಾನತಾದರೆ ನೆಟ್ಟಗೆ ನಡೆದು ಮನೆಗೆ ಹೋಗುತ್ತಾನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿರುವ,
ಗುಮಾಸ್ತ

ಲಗತ್ತು:
೧. ಬೆನ್ನು ನೆಟ್ಟಗಿದೆ ಎಂಬ ತಜ್ಞರ ಪ್ರಮಾಣಪತ್ರ
೨. ಎಷ್ಟು ಹೇಳಿದರೂ ಅಜ್ಜಿ ವಾಪಸು ತೆಗೆದುಕೊಳ್ಳದ ನೋಟು

ವಿ.ಸೂ.: ಮರದ ಕುರ್ಚಿಯಿಂದ ತಮ್ಮ ಬೆನ್ನಿಗೆ ನೋವಾದಲ್ಲಿ, ಅರ್ಜಿದಾರನ ಪಾಲಿಗೆ ಇನ್ನೂ ಉಳಿದಿರುವ, ತಜ್ಞರು ಮೊಣಕೈ ಊರುವ ಚಿಕಿತ್ಸೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅಪ್ಪಣೆಯಾಗಬೇಕು.