ಅಮೆರಿಕದ ಜೀನಿನ ಜಾತಕ

ಹಳೆಯ ವಸ್ತುಗಳ ಚರಿತ್ರೆ ಪತ್ತೆಹಚ್ಚುವುದು ಮಹಾ ಕಷ್ಟದ ಕೆಲಸ ಎಂದು ತಿಳಿದವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿರಲಿಲ್ಲ. ದುಬೈಯ ಒಂದು ಕಂಪೆನಿಯಲ್ಲಿ ಹದಿನಾಲ್ಕು ವರ್ಷ ಕಡತಗಳನ್ನು ನೋಡಿಕೊಂಡವನು ನಾನು. ಯಾರಿಗೂ ಸಿಗದ ಲೇಬರ್ ಕಾರ್ಡುಗಳನ್ನು ಕಪಾಟಿನ ಸಂದಿಯಿಂದ ಎಳೆದು ತೆಗೆದವನು. ಒಂದು ಕುದುರೆ ಜೀನಿನ ಚರಿತ್ರೆ ಯಾವ ಮಹಾ!

ತಪ್ಪು ನನ್ನ ಬಾಯಿಯದ್ದೇ. ಊಟದ ಹೊತ್ತಿನಲ್ಲಿ ಯಾರೋ ಕುದುರೆಯ ಮಾತೆತ್ತಿದಾಗ, “ನಮ್ಮ ಅಜ್ಜ ಬ್ರಿಟಿಷ್ ದೊರೆಗಳ ಕುದುರೆಗೆ ಜೀನು ಹೊಲಿಯುತ್ತಿದ್ದರು” ಎಂದುಬಿಟ್ಟಿದ್ದೆ. ಅಜ್ಜ ಮಂಗಳೂರಿನ ಬೇಕರಿಯಲ್ಲಿ ಬನ್ನು ಬೇಯಿಸುತ್ತಿದ್ದವರು. ಕುದುರೆಯನ್ನು ಅವರು ಕ್ಯಾಲೆಂಡರಿನಲ್ಲಿ ನೋಡಿದ್ದಿರಬಹುದು. ಆದರೆ ಮಾತು ನಮ್ಮ ಅರಬಿ ಯಜಮಾನರ ಕಿವಿಗೆ ಬಿತ್ತು. ನಾವೆಲ್ಲ ಅವರನ್ನು ‘ಅರ್ಬಾಬ್’ ಎನ್ನುತ್ತಿದ್ದೆವು.

ಭಾನುವಾರ ಬೆಳಿಗ್ಗೆ ಕರೆ ಬಂತು. ಅವರ ಮೇಜಿನ ಮೇಲೆ ಒಂದು ಹಳೆಯ ಜೀನು ಕೂತಿತ್ತು. ಅಮೆರಿಕದ ದನಗಾಹಿಗಳು ಬಳಸುತ್ತಿದ್ದಂಥದು. ಮುಂದುಗಡೆ ಹಗ್ಗ ಸುತ್ತಲು ಒಂದು ಕೊಂಬು, ಎರಡೂ ಬದಿಗೆ ಆನೆಕಿವಿಯಷ್ಟು ಅಗಲದ ಚರ್ಮದ ಪಟ್ಟಿ, ಮೈತುಂಬ ಕೊಳೆ.

ಅರ್ಬಾಬ್ ಮೆಲ್ಲಗೆ ಹೇಳಿದರು: “ಸಿರಿಲ್, ನಾನು ಅಮೆರಿಕದಲ್ಲಿ ಓದುವಾಗ ಪ್ಯೂಬ್ಲೊ ಎಂಬ ಊರಿನಲ್ಲಿ ಒಬ್ಬ ಅಮ್ಮನ ಮನೆಯಲ್ಲಿದ್ದೆ. ನನ್ನ ತಾಯಿ ತೀರಿಹೋದ ಸುದ್ದಿ ಬಂದ ದಿನ ಪಕ್ಕದಲ್ಲಿ ಕೂತು ಊಟ ಮಾಡಿಸಿದವರು ಅವರು. ಈಗ ಎಂಬತ್ತು ದಾಟಿದೆ. ಗುರುವಾರ ಇಲ್ಲಿಗೆ ಬರುತ್ತಿದ್ದಾರೆ. ಇದು ಅವರ ಊರಿನಲ್ಲೇ ತಯಾರಾದ ನೂರು ವರ್ಷ ಹಳೆಯ ಜೀನು ಅಂತ ಮಾರಿದವನು ಹೇಳಿದ. ನಿಜವೋ ಸುಳ್ಳೋ ನೋಡಿ, ಚರಿತ್ರೆ ಎರಡು ಪುಟ ಬರೆದುಕೊಡು. ಸುಳ್ಳು ಉಡುಗೊರೆಯನ್ನು ಅವರ ಕೈಗೆ ಕೊಡಲಾರೆ. ಯಲ್ಲಾ, ಬೇಗ ಶುರು ಮಾಡು!”

ಮುಂದಿನ ತಿಂಗಳು ನನ್ನ ವೀಸಾ ನವೀಕರಣವಾಗಬೇಕಿತ್ತು. “ಖಂಡಿತ ಸರ್” ಎಂದೆ.

ಮಿರ್ದಿಫ್‌ನ ನಮ್ಮ ಫ್ಲಾಟಿಗೆ ಜೀನನ್ನು ಹೊತ್ತು ತಂದಾಗ ಬಾಗಿಲು ತೆರೆದ ಹೆಂಡತಿ ಜೆಸಿಂತಾ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ಜೀನನ್ನೂ ನನ್ನನ್ನೂ ನೋಡಿದಳು. ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿದಳು.

“ಇದೆಂತ ಮಾರಾಯ್ರೆ? ಕುದುರೆ ಹಿಂದಿನಿಂದ ಬರ್ತಾ ಉಂಟಾ?”

“ಇದು ಸಂಶೋಧನೆ” ಎಂದೆ ಗಂಭೀರವಾಗಿ.

“ಸಂಶೋಧನೆ ಬಾಲ್ಕನಿಯಲ್ಲಿ ಮಾಡಿ. ವಾಸನೆ!”

ಇಂಟರ್ನೆಟ್ ಜಾಲಾಡಿದೆ. ಆ ಕಾಲದ ಜೀನುಗಾರರು ಆಸನದ ಹತ್ತಿರ ಚರ್ಮದ ಮೇಲೆ ತಮ್ಮ ಹೆಸರು, ಊರು ಒತ್ತುತ್ತಿದ್ದರಂತೆ. ಮುದ್ರೆ ಸಿಕ್ಕರೆ ಅರ್ಧ ಜಾತಕ ಸಿಕ್ಕಂತೆ. ಜೀನು ಪ್ರಿಯರ ಒಂದು ತಾಣದಲ್ಲಿ, “ಮುದ್ರೆಯ ಮೇಲೆ ಕೊಳೆ ಕೂತಿದೆ, ಏನು ಮಾಡಲಿ?” ಎಂದು ಪ್ರಶ್ನೆ ಹಾಕಿದೆ. ಹತ್ತು ನಿಮಿಷ ಕಾದೆ. ಉತ್ತರ ಬರಲಿಲ್ಲ. ಸಂಶೋಧಕನೊಬ್ಬ ಎಷ್ಟು ಹೊತ್ತು ಕಾಯಲಾದೀತು?

ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಸ್ಟೀಲಿನ ಜುಂಗು ತಂದೆ. ಉಜ್ಜಿದೆ. ಕಪ್ಪು ನೀರು ಇಳಿಯಿತು. ಕೊಳೆಯ ಅಡಿಯಿಂದ ಒಂದು ಸಾಲು ಅಕ್ಷರ ಮಸುಕಾಗಿ ಮೇಲೆದ್ದಿತು. ಸ್ಪಷ್ಟವಾಗಿ ಕಾಣಲೆಂದು ಇನ್ನೂ ಜೋರಾಗಿ ಉಜ್ಜಿದೆ. ಅಕ್ಷರಗಳು ಒಂದೊಂದಾಗಿ ಹೊರಟುಹೋದವು!

ಗಾಬರಿಯಾಗಿ ಕೈ ನಿಲ್ಲಿಸುವ ಹೊತ್ತಿಗೆ ಉಳಿದದ್ದು ಎರಡೇ ಇಂಗ್ಲಿಷ್ ಅಕ್ಷರ: ಪಿ ಮತ್ತು ಯು.

ಒದ್ದೆ ಚರ್ಮ ಒಣಗಲಿ ಎಂದು ಜೆಸಿಂತಾಳ ಹೇರ್ ಡ್ರೈಯರ್ ಹಿಡಿದೆ. ಚರ್ಮ ಒಣಗಿತು, ಹಾಗೆಯೇ ಅಂಚುಗಳು ಹಪ್ಪಳದಂತೆ ಮೇಲೆ ಸುರುಟಿಕೊಂಡವು. ಮೆತ್ತಗಾಗಲಿ ಎಂದು ಅರ್ಧ ಬಾಟಲಿ ತೆಂಗಿನೆಣ್ಣೆ ಸುರಿದೆ. ಆಗ ಕಂಪ್ಯೂಟರಿನಲ್ಲಿ ಉತ್ತರ ಬಂತು.

“ದಯವಿಟ್ಟು ತೊಳೆಯಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಕು, ಮುದ್ರೆ ಕಾಣುತ್ತದೆ.”

ನಾನು ಕಂಪ್ಯೂಟರ್ ಮುಚ್ಚಿದೆ.

ಆದರೂ ಪಿ ಮತ್ತು ಯು ಎಂದರೆ ಪ್ಯೂಬ್ಲೊ ತಾನೆ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಬಾಳಿದ್ದು ಮಂಗಳವಾರದವರೆಗೆ. ಅಂದು ಮೇಲಿನ ಮಹಡಿಯ ಹಮೀದಾಕ, ಅಂದರೆ ಹಮೀದಣ್ಣ, ಬಂದರು. ಉಳ್ಳಾಲದವರು, ಬರ್ ದುಬೈಯಲ್ಲಿ ಚಪ್ಪಲಿ ಬ್ಯಾಗುಗಳ ಅಂಗಡಿ. ಜೀನನ್ನು ಮಗುಚಿ ಹಾಕಿ ಹೊಟ್ಟೆಯ ಭಾಗಕ್ಕೆ ಬೆರಳಿಟ್ಟರು.

“ಪೊರ್ಬುಗಳೇ, ಇದೆಂತ?” ನಮ್ಮೂರಲ್ಲಿ ಕ್ರೈಸ್ತರನ್ನು ಕರೆಯುವುದೇ ಹಾಗೆ.

“ಸ್ಕ್ರೂ.”

“ಎಂಥ ಸ್ಕ್ರೂ? ಸ್ಟಾರ್ ಸ್ಕ್ರೂ! ನೂರು ವರ್ಷದ ಹಿಂದೆ ಸ್ಟಾರ್ ಸ್ಕ್ರೂ ಎಲ್ಲಿತ್ತು? ಇದು ಕಾನ್ಪುರದ ಮಾಲು. ಅಲ್ಲಿ ಅಮೆರಿಕದವರಿಗೆ ಬೇಕಾದ ಜೀನು ರಾಶಿ ರಾಶಿ ಮಾಡ್ತಾರೆ.”

“ಮುದ್ರೆಯಲ್ಲಿ ಪಿ, ಯು ಉಂಟಲ್ಲ?”

ಹಮೀದಾಕ ನನ್ನನ್ನು ಕರುಣೆಯಿಂದ ನೋಡಿದರು. “ಕಾನ್ಪುರ ಅಂತ ಇಂಗ್ಲಿಷಲ್ಲಿ ಬರೆದು ನೋಡಿ.”

ಬರೆದು ನೋಡಿದೆ. ನಟ್ಟ ನಡುವೆ ಪಿ, ಅದರ ಪಕ್ಕದಲ್ಲಿ ಯು!

ಬುಧವಾರವಿಡೀ ಅನ್ನ ಸೇರಲಿಲ್ಲ. ಅಸಲಿ ಎಂದು ಬರೆದುಕೊಟ್ಟರೆ ಆ ಮುದುಕಿಗೆ ಮೋಸ. ನಕಲಿ ಎಂದರೆ ಅರ್ಬಾಬ್‌ಗೆ ಅವಮಾನ. ಮುದ್ರೆ ಎಲ್ಲಿ ಎಂದು ಕೇಳಿದರೆ ನಾನು ಖಲಾಸ್. ಹಾಳೆ ಖಾಲಿಯಾಗಿಯೇ ಉಳಿಯಿತು.

“ನಿಮಗೆ ಮಂಡೆ ಸಮ ಉಂಟಾ?” ಎಂದಳು ಜೆಸಿಂತಾ. “ಇವತ್ತೇ ಹೋಗಿ ನಡೆದದ್ದು ನಡೆದ ಹಾಗೆ ಹೇಳಿ. ಬೈದರೆ ಬೈಸಿಕೊಳ್ಳಿ.”

ಒಳ್ಳೆಯ ಸಲಹೆ. ಅದನ್ನು ಪಾಲಿಸಲು ಗುರುವಾರದ ಕೊನೆಯ ಕ್ಷಣದವರೆಗೂ ನನಗೆ ಧೈರ್ಯ ಬರಲಿಲ್ಲ.

ಅಲ್ ಐನ್‌ನಲ್ಲಿ ಅರ್ಬಾಬರ ತೋಟದ ಮನೆ, ಪಕ್ಕದಲ್ಲೇ ಅವರ ಕುದುರೆ ಲಾಯ. ದಾರಿಯುದ್ದಕ್ಕೂ ಕಾರಿನ ಎ.ಸಿ. ತೆಂಗಿನೆಣ್ಣೆಯ ಪರಿಮಳವನ್ನು ಸುತ್ತಿ ಸುತ್ತಿ ನನ್ನ ಮೂಗಿಗೇ ತಂದು ಬಿಡುತ್ತಿತ್ತು. ತಲುಪುವಾಗ ಅತಿಥಿಗಳ ಚಾವಡಿ ಮಜ್ಲಿಸ್ ತುಂಬ ನೆಂಟರು, ಅರಬಿ ಕಾಫಿ ಖಹ್ವಾ, ಖರ್ಜೂರ. ನಡುವೆ ಕಡ್ಡಿಯಂಥ ಮುದುಕಿ ನೆಟ್ಟಗೆ ಕೂತಿದ್ದರು. ಅವರ ಪಕ್ಕದಲ್ಲಿ ಅರ್ಬಾಬ್ ಶಾಲೆಯ ಹುಡುಗನ ಹಾಗೆ ನಗುತ್ತಿದ್ದರು.

“ಅಮ್ಮಾ, ನಿಮಗೊಂದು ಉಡುಗೊರೆ” ಎಂದು ಅವರು ನನಗೆ ಸನ್ನೆ ಮಾಡಿದರು. “ಸಿರಿಲ್, ಚರಿತ್ರೆ ಓದು.”

ಜೀನಿಗೆ ಹೊದೆಸಿ ತಂದಿದ್ದ ಬೆಡ್‌ಶೀಟ್ ಸರಿಸಿದೆ. ಕೈಯಲ್ಲಿ ಖಾಲಿ ಹಾಳೆ. ಮುದುಕಿ ಆಸೆಯಿಂದ ಮುಂದಕ್ಕೆ ಬಾಗಿದರು. ಎರಡು ದಿನ ಹೊಟ್ಟೆಯಲ್ಲಿದ್ದದ್ದು ಒಮ್ಮೆಲೇ ಹೊರಗೆ ಬಿತ್ತು.

“ಮ್ಯಾಡಮ್, ಕ್ಷಮಿಸಿ, ಇದು ನಕಲಿ! ಕಾನ್ಪುರದ್ದು!”

ಅರ್ಬಾಬರ ಮುಖದಿಂದ ನಗು ಇಳಿದುಹೋಯಿತು. ಖಹ್ವಾ ಬಗ್ಗಿಸುತ್ತಿದ್ದವರು ಹಾಗೆಯೇ ನಿಂತರು.

ಮುದುಕಿ ಕನ್ನಡಕ ಏರಿಸಿಕೊಂಡು ಎದ್ದು ಬಂದರು. ಜೀನಿನ ಬೆನ್ನು ತಟ್ಟಿದರು. ಹೊಲಿಗೆಯ ಮೇಲೆ ಉಗುರು ಎಳೆದರು. ಸ್ಟಾರ್ ಸ್ಕ್ರೂ ನೋಡಿ, “ಯಾರೋ ಆಮೇಲೆ ರಿಪೇರಿ ಮಾಡಿದ್ದಾರೆ. ನಮ್ಮಪ್ಪನೂ ಡಬ್ಬಿಯಲ್ಲಿ ಸಿಕ್ಕಿದ ಸ್ಕ್ರೂ ಹಾಕುತ್ತಿದ್ದರು” ಎಂದರು. ನಂತರ ಆ ಆನೆಕಿವಿ ಪಟ್ಟಿಯನ್ನು ಹಿಡಿದು ಮೇಲಕ್ಕೆತ್ತಿದರು.

ಕೆಳಗೆ ಇನ್ನೊಂದು ಮುದ್ರೆ! ಅಂಗಡಿಯ ಹೆಸರು, ಊರಿನ ಹೆಸರು, ಒಂದಕ್ಷರ ಮಾಸದೆ. ಪ್ಯೂಬ್ಲೊ.

ನಾಲ್ಕು ದಿನ ಉಜ್ಜಿ, ಒಣಗಿಸಿ, ಎಣ್ಣೆ ಹಚ್ಚಿದ ಮಹಾ ಸಂಶೋಧಕ ಆ ಪಟ್ಟಿಯನ್ನು ಒಮ್ಮೆಯೂ ಎತ್ತಿ ನೋಡಿರಲಿಲ್ಲ!

“ಈ ಅಂಗಡಿ ನನಗೆ ಗೊತ್ತು” ಎಂದರು ಮುದುಕಿ. ದನಿ ಸಣ್ಣಗಾಗಿತ್ತು. “ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು.” ಅರ್ಬಾಬ್ ಅವರ ಕೈ ಹಿಡಿದುಕೊಂಡರು. ಇಬ್ಬರ ಕಣ್ಣೂ ತುಂಬಿತ್ತು. ನನ್ನದೂ ತುಂಬಿತು, ಕಾರಣ ಮಾತ್ರ ಬೇರೆ. ಮುದುಕಿ ಈಗ ಜೀನನ್ನು ಮೂಸುತ್ತಿದ್ದರು.

“ನೂರು ವರ್ಷ ಹಿಮ, ಧೂಳು, ದನ ಎಲ್ಲವನ್ನೂ ತಾಳಿಕೊಂಡಿದೆ. ಇದನ್ನು ತೊಳೆದವರು ಯಾರು?”

ಅರ್ಬಾಬ್ ನಿಧಾನವಾಗಿ ತಿರುಗಿದರು. “ಸಿರಿಲ್?”

ಎಲ್ಲವನ್ನೂ ಹೇಳಿದೆ. ಸೋಪು, ಜುಂಗು, ಹೇರ್ ಡ್ರೈಯರ್, ತೆಂಗಿನೆಣ್ಣೆ. ಬೇಕರಿಯ ಅಜ್ಜನನ್ನೂ ಬಿಡಲಿಲ್ಲ. ಅರ್ಬಾಬ್ ಬಾಯಿ ತೆರೆಯುವ ಮೊದಲೇ ಮುದುಕಿ ಕೈ ಎತ್ತಿ ತಡೆದರು. ನನ್ನ ಕೈಯಿಂದ ಖಾಲಿ ಹಾಳೆ ತೆಗೆದುಕೊಂಡು ಪೆನ್ನು ಕೇಳಿದರು.

“ಹಳೆಯ ಜೀನಿನ ಚರಿತ್ರೆಯಲ್ಲಿ ಏನನ್ನೂ ಮುಚ್ಚಿಡಬಾರದು. ಮಾಡಿದವರು, ರಿಪೇರಿ ಮಾಡಿದವರು, ಹಾಳು ಮಾಡಿದವರು ಎಲ್ಲರೂ ಅದರಲ್ಲಿರಬೇಕು. ನಿಮ್ಮ ಪೂರ್ತಿ ಹೆಸರು ಹೇಳಿ.”

ಹೇಳಿದೆ. ನನ್ನ ಪಾಸ್‌ಪೋರ್ಟಿನಲ್ಲೇ ತಪ್ಪಾಗಿರುವ ಹೆಸರನ್ನು ಅವರು ಒಂದಕ್ಷರ ತಪ್ಪದೆ ಬರೆದುಕೊಂಡರು.

ಹೊರಗೆ ಬಂದು ಜೆಸಿಂತಾಳಿಗೆ ಫೋನ್ ಮಾಡಿದೆ.

“ಎಂತ ಆಯ್ತು? ಕೆಲಸ ಉಂಟಾ, ಹೋಯ್ತಾ?”

“ಉಂಟು. ವೀಸಾ ಮಾಡಿಸ್ತಾರಂತೆ. ಕುದುರೆ ಲಾಯದ ಹತ್ತಿರ ಸುಳಿಯಬಾರದಂತೆ, ಅಷ್ಟೆ.” ಸ್ವಲ್ಪ ತಡೆದು, ಆದಷ್ಟು ಗಂಭೀರವಾಗಿ ಹೇಳಿದೆ: “ಅಮೆರಿಕದ ಜೀನಿನ ಚರಿತ್ರೆಯಲ್ಲಿ ನನ್ನ ಹೆಸರು ಬಂತು.”

“ಹೌದಾ! ಎಂತ ಅಂತ ಬರೆದಿದ್ದಾರೆ?”

“‘ಹಾನಿಗಳು’ ಅಂತ ಒಂದು ಪಟ್ಟಿ ಉಂಟು. ಅದರಲ್ಲಿ ಇಲಿ ಕಚ್ಚಿದ ಗುರುತು ಎರಡನೆಯದು.”

“ಮೊದಲನೆಯದು?”

ನಾನು ಫೋನ್ ಇಟ್ಟೆ.