ಚೀಟಿ ಎತ್ತುವ ಕಂಪ್ಯೂಟರಿಗೆ, ಕರೆಯದ ಗುಂಪಿನಿಂದ

ಮಾನ್ಯರೇ,

ನನ್ನ ಮಗಳ ಕಚೇರಿಯ ಮೂಲೆಯಲ್ಲಿ, ಫ್ಯಾನಿನ ಗಾಳಿಯನ್ನೆಲ್ಲ ತಾವೊಬ್ಬರೇ ಕುಡಿಯುತ್ತ ವಿರಾಜಮಾನರಾಗಿರುವ ತಮಗೆ ಆಕೆಯ ತಾಯಿಯಾದ ನನ್ನ ಅನಂತ ನಮಸ್ಕಾರಗಳು. ರೋಗ ಎಷ್ಟು ಮಂದಿಗೆ, ಯಾಕೆ ಬರುತ್ತದೆ ಎಂದು ಲೆಕ್ಕ ಹಾಕುವುದು ಮಗಳ ಕಸುಬು. ಸ್ತನ ಕ್ಯಾನ್ಸರನ್ನು ಮೊದಲೇ ಹುಡುಕುವ ತಪಾಸಣೆಯಿಂದ ಜೀವ ನಿಜಕ್ಕೂ ಉಳಿಯುತ್ತದೆಯೋ, ಬರೀ ಗಾಬರಿ ಹೆಚ್ಚುತ್ತದೆಯೋ ಎಂದು ಈಗ ಅಳೆಯುತ್ತಿದ್ದಾಳೆ. ಅದಕ್ಕಾಗಿ ಊರಿನ ಹೆಂಗಸರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲನ್ನು ತಪಾಸಣೆಗೆ ಕರೆದು ಇನ್ನೊಂದನ್ನು ಅದರ ಪಾಡಿಗೆ ಬಿಡುವ ಅಧಿಕಾರ ತಮ್ಮದು.

ತಾವು ಎದುರುಮನೆಯ ಟೈಲರಮ್ಮನನ್ನು ಕರೆದಿರಿ, ನನ್ನನ್ನು ಬಿಟ್ಟಿರಿ. ಹೆತ್ತ ಮಗಳೇ ಯಜಮಾನಿಯಾಗಿರುವ ಕಡೆ ತಾಯಿಗೆ ಕೂರಲು ಜಾಗವೂ ಸಿಗದಂತೆ ನೋಡಿಕೊಂಡ ತಮ್ಮ ನಿಷ್ಪಕ್ಷಪಾತ ಮೆಚ್ಚತಕ್ಕದ್ದು. ಮಗಳನ್ನು ಕೇಳಿದರೆ, "ಕರೆಯದವರು ಇದ್ರೇನೇ ಅಮ್ಮಾ, ಕರೆದವರಿಗೆ ಏನು ಲಾಭ ಆಯ್ತು ಅಂತ ಗೊತ್ತಾಗೋದು" ಎಂದಳು. ಹೋಲಿಸಿ ನೋಡಲು ಒಬ್ಬಳು ಅಮ್ಮ ಬೇಕಾಗಿದ್ದಳು ಎಂದಾಯಿತು.

ಟೈಲರಮ್ಮನಿಗೋ ಸೂಜಿ ಹಿಡಿದು ಗೊತ್ತೇ ಹೊರತು ಚುಚ್ಚಿಸಿಕೊಂಡು ಗೊತ್ತಿಲ್ಲ. "ಅಕ್ಕಾ, ನಂಗೆ ಭಯ. ನನ್ನ ಹೆಸರಲ್ಲಿ ನೀವೇ ಹೋಗ್ಬನ್ನಿ" ಎಂದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು ನಾನು ಹೊರಟೇಬಿಟ್ಟೆ. ಅಲ್ಲಿ ಬೆನ್ನ ಹಿಂದೆ ಲಾಡಿ ಕಟ್ಟುವ ನಿಲುವಂಗಿ ತೊಡಿಸಿ ಬೆಂಚಿನ ಮೇಲೆ ಕೂರಿಸಿದರು. ನರ್ಸಮ್ಮ ಟೈಲರಮ್ಮನ ಹೆಸರನ್ನು ಮತ್ತೆ ಮತ್ತೆ ಕೂಗಿದಾಗ, ಪಾಪ, ಯಾರೋ ಕಿವುಡಿಯಿರಬೇಕು ಎಂದು ನಾನೂ ಸುತ್ತ ಹುಡುಕಿದೆ.

ವಾರದೊಳಗೆ ಟೈಲರಮ್ಮನಿಗೆ ಫೋನು ಬಂತು: ತಪಾಸಣೆಯಲ್ಲಿ ತೆಗೆದ ಎದೆಯ ಎಕ್ಸ್‌ರೇ ಚಿತ್ರದಲ್ಲಿ ಏನೋ ನೆರಳು ಕಂಡಿದೆ, ಸೂಜಿ ಹಾಕಿ ಪರೀಕ್ಷಿಸಬೇಕು, ಬನ್ನಿ. ಯಾರದೋ ಬಟ್ಟೆ ತನ್ನ ಗಂಟಿನಲ್ಲಿ ಸೇರಿಕೊಂಡಿದ್ದನ್ನು ಕಂಡವಳಂತೆ ಅವಳು ಓಡಿಬಂದು, "ಅಕ್ಕಾ, ಇದು ನಂದಲ್ಲ, ನಿಮ್ದು" ಎಂದು ಅತ್ತಳು.

ಮಗಳಿಗೆ ಹೇಳಲೇಬೇಕಾಯಿತು. "ನನ್ನ ಅಧ್ಯಯನ ಕೆಡಿಸೋಕೆ ಊರಲ್ಲಿ ಇನ್ಯಾರೂ ಸಿಗಲಿಲ್ವಾ, ನೀನೇ ಆಗ್ಬೇಕಿತ್ತಾ?" ಎಂದು ಕೂಗಾಡಿ, ಚಪ್ಪಲಿ ಮೆಟ್ಟಿ ನನ್ನ ಜೊತೆಗೇ ಹೊರಟಳು. ಹೀಗೆ ಮತ್ತೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ ಎಂದು ದಾರಿಯುದ್ದಕ್ಕೂ ಅಂಕಿ ಸಮೇತ ಒಪ್ಪಿಸಿದಳು. ಆದರೆ ಬೆಂಚಿನ ಮೇಲೆ ನನ್ನ ಕೈ ಹಿಡಿದಿದ್ದ ಅವಳ ಕೈ ತಣ್ಣಗಿತ್ತು. ನನಗೂ ಭಯವಾಗಿತ್ತು, ಮಾನ್ಯರೇ. ಉತ್ತರ ಬರುವವರೆಗೆ ಇನ್ನೊಂದು ಕೈಯಲ್ಲಿ ನಿಲುವಂಗಿಯ ಲಾಡಿ ಬಿಗಿಹಿಡಿದು ಕೂತೆ. ಕೊನೆಗೆ, ನೀರು ತುಂಬಿದ ಬಡಪಾಯಿ ಗಂಟು, ಹೆದರಬೇಡಿ ಎಂದರು.

ಇಷ್ಟೆಲ್ಲ ಆದಮೇಲೆ ನಾನೂ ಕರೆದವರ ಗುಂಪಿಗೆ ಸೇರಿದೆನಲ್ಲ ಎಂದು ಬೀಗಿದರೆ, ಇಲ್ಲವಂತೆ! ಯಾರು ಏನೇ ಮಾಡಿಕೊಳ್ಳಲಿ, ಚೀಟಿ ಎಲ್ಲಿ ಬಿತ್ತೋ ಅಲ್ಲೇ ಲೆಕ್ಕವಂತೆ. ತಾವಾಗಿ ಬಂದವರನ್ನು ಆಚೀಚೆ ಸೇರಿಸುತ್ತ ಹೋದರೆ ಲೆಕ್ಕ ಸುಳ್ಳು ಹೇಳಲು ಕಲಿಯುತ್ತದಂತೆ. ಹೀಗಾಗಿ ಸೂಜಿ ಚುಚ್ಚಿಸಿಕೊಂಡ ನಾನು ಕರೆಯದವಳು, ಮನೆಯಲ್ಲಿ ಗುಂಡಿ ಹೊಲಿಯುತ್ತ ಕುಳಿತ ಟೈಲರಮ್ಮ ಕರೆದವಳು. ತಾಯಿಯ ಅವಾಂತರವನ್ನು ಮಗಳು ತಾನೇ ಮೇಲಿನವರಿಗೆ ತಿಳಿಸಿ, ಬೈಸಿಕೊಂಡು ಬಂದಿದ್ದಾಳೆ. ಅವಳ ಮೇಲೆ ನನಗೆ ಕೋಪವಿದೆ, ಹೆಮ್ಮೆ ಅದಕ್ಕಿಂತ ಹೆಚ್ಚಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ 'ಕರೆಯದೆ ಬಂದವರು' ಎಂಬ ಮೂರನೆಯ ಗುಂಪೊಂದನ್ನು ತೆರೆಯಬೇಕು. ಅದರಲ್ಲಿ ನಾನೊಬ್ಬಳೇ ಇದ್ದರೂ ಬೇಸರವಿಲ್ಲ. ಸಾಧ್ಯವಾದರೆ ತಾವೂ ಒಮ್ಮೆ ಆ ನಿಲುವಂಗಿ ತೊಟ್ಟು, ಲಾಡಿ ಬಿಗಿಯಾಗಿ ಹಿಡಿದುಕೊಂಡು ಆ ಬೆಂಚಿನ ಮೇಲೆ ಕಾಯಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ,
ತಮ್ಮದೇ ಚೀಟಿಯ ಪ್ರಕಾರ ಕರೆಯದವಳು

ತಾ.ಕ.: ಟೈಲರಮ್ಮ ನಾಳೆ ತನ್ನ ಹೆಸರಿನಲ್ಲಿ ತಾನೇ ಹೋಗುತ್ತಿದ್ದಾಳೆ. ಬರುವ ವರ್ಷ ನನ್ನ ಮಗಳಿಗೂ ತಪಾಸಣೆಯ ವಯಸ್ಸು ತುಂಬಿ, ಅವಳ ಹೆಸರೂ ತಮ್ಮ ಮುಂದೆ ಬರುತ್ತದೆ. ಅವಳನ್ನು ಯಾವ ಪಾಲಿಗೆ ಹಾಕಿದರೂ ನನ್ನ ತಕರಾರಿಲ್ಲ; ಬೆಂಚಿನ ಮೇಲೆ ಅವಳ ಪಕ್ಕದ ಜಾಗಕ್ಕೆ ಮಾತ್ರ ದಯವಿಟ್ಟು ಚೀಟಿ ಎತ್ತಬೇಡಿ.